ತೆಂಗಿನ ದಿಮ್ಮಿಯೂ ಮೂರು ಸಾವಿರ ಟನ್ ಉಕ್ಕೂ

ತೆಂಗಿನ ಮರ ಕಡಿದವರಿಗೆ ಅದರ ಸ್ವಭಾವ ಗೊತ್ತು. ಹಲಸಿಗೋ ಮಾವಿಗೋ ಕೊಡಲಿ ಬಿದ್ದರೆ ಚಕ್ಕೆ ಎದ್ದು ಹಾರುತ್ತದೆ. ತೆಂಗಿಗೆ ಬಿದ್ದರೆ ಕೊಡಲಿಯ ಬಾಯಿ ನಾರಿನೊಳಗೆ ಹೂತು ಕೂರುತ್ತದೆ. ಎಳೆದು ಬಿಡಿಸಿ ಮತ್ತೆ ಹೊಡೆಯಬೇಕು. ಕರಾವಳಿಯಲ್ಲೂ ಮಲೆನಾಡಿನಲ್ಲೂ ತೋಡು ದಾಟಲು ಒಂದೆರಡು ತೆಂಗಿನ ದಿಮ್ಮಿ ಅಡ್ಡ ಹಾಕಿ ಸಂಕ ಮಾಡುತ್ತಾರೆ. ಮಳೆಗಾಲದ ಮೇಲೆ ಮಳೆಗಾಲ ಕಳೆದರೂ ಅದು ತಟ್ಟನೆ ಮುರಿದು ಬೀಳುವುದಿಲ್ಲ. ಮೊದಲು ಬಾಗುತ್ತದೆ, ನಾರು ಬಿಚ್ಚಿಕೊಳ್ಳುತ್ತದೆ, ದಾಟುವವರಿಗೆ ಎಚ್ಚರಿಕೆ ಕೊಟ್ಟೇ ಕೈಬಿಡುತ್ತದೆ.

1943ರ ನವೆಂಬರ್ 20ರ ಬೆಳಿಗ್ಗೆ ಪೆಸಿಫಿಕ್ ಸಾಗರದ ನಡುವಿನ ಒಂದು ಪುಟ್ಟ ದ್ವೀಪದಲ್ಲಿ ಈ ಮರದ ಗುಣವೂ ಜಗತ್ತಿನ ಅತಿ ದೊಡ್ಡ ಫಿರಂಗಿಗಳ ಸಾಲಿಗೆ ಸೇರಿದ ಫಿರಂಗಿಗಳೂ ಎದುರುಬದುರಾದವು. ದ್ವೀಪದ ಹೆಸರು ಬೆಟಿಯೊ. ಅದು ತರಾವಾ ಎಂಬ ಹವಳದ್ವೀಪ ಸಮೂಹದ ನೈಋತ್ಯ ತುದಿ. ಆಗ ಇದು ಗಿಲ್ಬರ್ಟ್ ದ್ವೀಪಗಳಿಗೆ ಸೇರಿತ್ತು. ಇಂದು ಕಿರಿಬಾಟಿ ಎಂದು ಬರೆದು ಕಿರಿಬಾಸ್ ಎಂದು ಉಚ್ಚರಿಸುವ ದೇಶದ ಭಾಗ. ಅಲ್ಲಿ 76 ಗಂಟೆಗಳಲ್ಲಿ ನಡೆದದ್ದನ್ನು ಯುದ್ಧದ ಇತಿಹಾಸಕಾರರು ಮತ್ತೆ ಮತ್ತೆ ಬರೆದಿದ್ದಾರೆ. ಈ ಅಧ್ಯಾಯದಲ್ಲಿ ಅದೇ ಘಟನೆಯನ್ನು ಭೌತಶಾಸ್ತ್ರದ ಕಣ್ಣಿನಿಂದ ನೋಡೋಣ. ಏಕೆಂದರೆ ಬೆಟಿಯೊದಲ್ಲಿ ಸತ್ತ ಎಷ್ಟೋ ಜನರ ಸಾವಿಗೆ ಒಂದು ತಪ್ಪು ಅಳತೆಯ ಪಾಲೂ ಇತ್ತು.

ಗುಂಟೆಗೆ ಇನ್ನೂರೈವತ್ತು ಕಿಲೋ

ಬೆಟಿಯೊದ ಉದ್ದ ಸುಮಾರು 3 ಕಿಲೋಮೀಟರ್. ಅತ್ಯಂತ ಅಗಲವಾದ ಕಡೆಯೂ ಮುಕ್ಕಾಲು ಕಿಲೋಮೀಟರ್ ಇಲ್ಲ. ಒಟ್ಟು ವಿಸ್ತೀರ್ಣ 300 ಎಕರೆಗಿಂತ ತುಸು ಕಡಿಮೆ. ನೆಲದ ಎತ್ತರ ಸಮುದ್ರಮಟ್ಟದಿಂದ ಹೆಚ್ಚೆಂದರೆ 3 ಮೀಟರ್. ಇಷ್ಟು ಸಣ್ಣ ಜಾಗದಲ್ಲಿ ಜಪಾನಿನ ರಿಯರ್ ಅಡ್ಮಿರಲ್ ಕೆಯ್ಜಿ ಶಿಬಾಸಾಕಿಯ ಕೈಕೆಳಗೆ ಸುಮಾರು 4,800 ಮಂದಿ ಇದ್ದರು. ಅವರಲ್ಲಿ ಸೈನಿಕರ ಜೊತೆಗೆ ಕಟ್ಟಡ ಕೆಲಸದವರೂ ಇದ್ದರು, ಆ ಕೆಲಸದವರಲ್ಲಿ ನೂರಾರು ಜನ ಕೊರಿಯಾದಿಂದ ಕರೆತಂದ ಕಾರ್ಮಿಕರು. ತಿಂಗಳುಗಟ್ಟಲೆ ಅವರು ತೆಂಗಿನ ದಿಮ್ಮಿ, ಹವಳದ ಮರಳು, ಕಾಂಕ್ರೀಟು, ರೈಲು ಕಂಬಿಗಳಿಂದ ಬಂಕರುಗಳನ್ನು ಕಟ್ಟಿದ್ದರು.

ಅಮೆರಿಕದ ಎರಡನೇ ಮರೀನ್ ಡಿವಿಜನ್ ದಡ ಹತ್ತುವ ಮೊದಲು ಯುದ್ಧನೌಕೆಗಳು ದ್ವೀಪವನ್ನು ಬಡಿಯಬೇಕಿತ್ತು. ಮೆರಿಲ್ಯಾಂಡ್, ಕೊಲರಾಡೊ, ಟೆನೆಸ್ಸಿ ಎಂಬ ಮೂರು ಬೃಹತ್ ನೌಕೆಗಳು, ಜೊತೆಗೆ ಕ್ರೂಸರುಗಳು, ಡೆಸ್ಟ್ರಾಯರುಗಳು. ಮೊದಲೆರಡು ನೌಕೆಗಳಲ್ಲಿ 16 ಇಂಚು, ಅಂದರೆ 406 ಮಿಲಿಮೀಟರ್ ಬಾಯಿಯ ತಲಾ 8 ಫಿರಂಗಿಗಳು. ಟೆನೆಸ್ಸಿಯಲ್ಲಿ 14 ಇಂಚಿನ 12 ಫಿರಂಗಿಗಳು. ಬೆಳಗಿನ ಜಾವದಿಂದ ಸುಮಾರು ಒಂಬತ್ತು ಗಂಟೆಯವರೆಗೆ ಸುರಿದ ಶೆಲ್‌ಗಳ ಒಟ್ಟು ತೂಕ ಹತ್ತಿರಹತ್ತಿರ 3,000 ಟನ್.

ಈ ಸಂಖ್ಯೆಯನ್ನು ನಮ್ಮ ಅಳತೆಗೆ ತಂದರೆ ಎಕರೆಗೆ 10 ಟನ್, ಗುಂಟೆಗೆ 250 ಕಿಲೋ. ಅಷ್ಟು ಚಿಕ್ಕ ನೆಲದ ಮೇಲೆ ಅಷ್ಟು ಕಡಿಮೆ ಹೊತ್ತಿನಲ್ಲಿ ಅಷ್ಟು ತೂಕದ ಶೆಲ್ ಅದುವರೆಗೆ ಬಿದ್ದಿರಲಿಲ್ಲ. ನೌಕೆಗಳ ಮೇಲಿಂದ ನೋಡುತ್ತಿದ್ದವರಿಗೆ ದ್ವೀಪವೇ ಕಾಣಿಸಲಿಲ್ಲ, ಹೊಗೆ ಮತ್ತು ಹವಳದ ದೂಳು ಮಾತ್ರ ಕಂಡಿತು. ಒಳಗೆ ಯಾರೂ ಬದುಕಿರಲಾರರು ಎಂದು ಅನೇಕರು ನಂಬಿದರು. ಆದರೆ ಮೊದಲ ದಿನ ದಡಕ್ಕೆ ಹೊರಟ ಸುಮಾರು 5,000 ಮರೀನ್ ಸೈನಿಕರಲ್ಲಿ ಸಂಜೆಯ ಹೊತ್ತಿಗೆ ಸುಮಾರು 1,500 ಮಂದಿ ಸತ್ತಿದ್ದರು ಅಥವಾ ಗಾಯಗೊಂಡಿದ್ದರು. ಬಂಕರುಗಳು ಜೀವಂತವಾಗಿದ್ದವು.

3,000 ಟನ್ ಎಲ್ಲಿ ಹೋಯಿತು? ಇದಕ್ಕೆ ಉತ್ತರ ಹುಡುಕಲು ಒಂದು ಶೆಲ್ಲನ್ನು ಅದರ ಹುಟ್ಟಿನಿಂದ ಕೊನೆಯವರೆಗೆ ಹಿಂಬಾಲಿಸಬೇಕು.

ಕೋನದ ಲೆಕ್ಕ

16 ಇಂಚಿನ ಫಿರಂಗಿಯ ಉಕ್ಕು ಸೀಳುವ ಶೆಲ್ ಸುಮಾರು 1,000 ಕಿಲೋ ತೂಗುತ್ತದೆ. ನಳಿಗೆ ಬಿಡುವಾಗ ಅದರ ವೇಗ ಸೆಕೆಂಡಿಗೆ ಸುಮಾರು 770 ಮೀಟರ್. ಅದರ ಚಲನಶಕ್ತಿ ಸುಮಾರು 30 ಕೋಟಿ ಜೂಲ್. 120 ಟನ್ನಿನ ರೈಲು ಎಂಜಿನನ್ನು ಜೋಗದ ರಾಜಾ ಜಲಪಾತದ ನೆತ್ತಿಯಿಂದ ಕೆಳಗೆ ಬಿಟ್ಟರೆ ನೆಲ ಮುಟ್ಟುವಾಗ ಅದರಲ್ಲಿ ಇಷ್ಟೇ ಶಕ್ತಿ ಇರುತ್ತದೆ.

ಇಂಥ ಶೆಲ್ಲನ್ನು ರೂಪಿಸಿದ್ದು ಇನ್ನೊಂದು ಯುದ್ಧನೌಕೆಯನ್ನು ಹೊಡೆಯಲು. ಸಮುದ್ರದ ಮೇಲೆ ನೌಕೆ ಎತ್ತರದ ಗೋಡೆಯಂತೆ ನಿಂತಿರುತ್ತದೆ. ಗೋಡೆಗೆ ಹೊಡೆಯಲು ನೇರ ದಾರಿ ಒಳ್ಳೆಯದು. ಬೆಟಿಯೊ ಗೋಡೆಯಲ್ಲ, ಚಾಪೆ. ಚಾಪೆಯ ಮೇಲಿನ ಒಂದು ಕಾಳಿಗೆ ಪಕ್ಕದಿಂದ ಗುರಿಯಿಡುವ ಕಷ್ಟವನ್ನು ಊಹಿಸಿಕೊಳ್ಳಿ.

ಲೆಕ್ಕ ಹಾಕಿಯೇ ನೋಡೋಣ. ನೌಕೆ 5 ಕಿಲೋಮೀಟರ್ ದೂರದಿಂದ ಪೂರ್ಣ ಮದ್ದು ತುಂಬಿ ಹಾರಿಸುತ್ತದೆ ಎಂದುಕೊಳ್ಳಿ. ಗಾಳಿಯ ತಡೆಯನ್ನು ಬದಿಗಿಟ್ಟರೆ ನಳಿಗೆಯನ್ನು ಎರಡೂವರೆ ಡಿಗ್ರಿಗಿಂತ ತುಸು ಕಡಿಮೆ ಎತ್ತಿದರೆ ಸಾಕು. ಶೆಲ್ ಕೆಳಗಿಳಿಯುವ ಕೋನವೂ ಅಷ್ಟೇ. ಇಷ್ಟು ಕಡಿಮೆ ಇಳಿಜಾರಿನಲ್ಲಿ ಬರುವ ಶೆಲ್ ಪ್ರತಿ 24 ಮೀಟರ್ ಮುಂದೆ ಹೋದಾಗ 1 ಮೀಟರ್ ಕೆಳಗಿಳಿಯುತ್ತದೆ. ಅಂದರೆ ಗುರಿ 1 ಮೀಟರ್ ಮೇಲಾದರೆ ಶೆಲ್ ಬಂಕರನ್ನು ದಾಟಿ 24 ಮೀಟರ್ ಆಚೆ ಬೀಳುತ್ತದೆ. ದ್ವೀಪದ ಪೂರ್ತಿ ಅಗಲ ದಾಟುವಷ್ಟರಲ್ಲಿ ಅದು ಇಳಿಯುವುದು ಸುಮಾರು 30 ಮೀಟರ್ ಮಾತ್ರ. ಈ ದಡದ ತೆಂಗಿನ ಮರಗಳ ತಲೆಗಿಂತ ಒಂದಿಷ್ಟು ಮೇಲೆ ಹಾದುಹೋದ ಶೆಲ್ ಆ ದಡದಾಚೆಯ ಕಡಲಿಗೇ ಬೀಳುತ್ತದೆ.

ನೆಲಕ್ಕೆ ತಾಗಿದರೂ ಕೆಲಸ ಮುಗಿಯಲಿಲ್ಲ. ಕೆರೆಯ ನೀರಿನ ಮೇಲೆ ಹಂಚಿನ ಚೂರನ್ನು ಓರೆಯಾಗಿ ಎಸೆದಾಗ ಅದು ಮುಳುಗದೆ ಪುಟಿದು ಪುಟಿದು ಹೋಗುವುದನ್ನು ಎಲ್ಲ ಮಕ್ಕಳೂ ನೋಡಿರುತ್ತಾರೆ. ಓರೆಯಾಗಿ ಮರಳಿಗೆ ತಾಗಿದ ಶೆಲ್ಲೂ ಹಾಗೆಯೇ ಪುಟಿಯುತ್ತದೆ. ಬೆಟಿಯೊದಲ್ಲಿ ಎಷ್ಟೋ ಶೆಲ್‌ಗಳು ಹೀಗೆ ಪುಟಿದು ದ್ವೀಪದಾಚೆ ಹೋದವು.

ಬಂಕರಿನ ಸೂರಿಗೆ ಶೆಲ್ ಮೇಲಿನಿಂದ ಬೀಳಬೇಕು. ಅದಕ್ಕೆ ನೌಕೆ ದೂರ ಹೋಗಿ ನಳಿಗೆಯನ್ನು ಎತ್ತಬೇಕು, ಇಲ್ಲವೇ ಮದ್ದು ಕಡಿಮೆ ಮಾಡಿ ನಿಧಾನದ ಶೆಲ್ಲನ್ನು ಬಾಗಿದ ದಾರಿಯಲ್ಲಿ ಕಳಿಸಬೇಕು. ಬಂಕರಿನ ಕಿಂಡಿಗೆ ನೇರವಾಗಿ ಹೊಡೆಯುವುದಾದರೆ ತೀರಾ ಹತ್ತಿರ ಬಂದು ಕಣ್ಣಿಗೆ ಕಂಡ ಕಿಂಡಿಯ ಮೇಲೆ ಒಂದೊಂದಾಗಿ, ನಿಧಾನವಾಗಿ ಗುರಿಯಿಡಬೇಕು. ಆ ಬೆಳಿಗ್ಗೆ ಹೆಚ್ಚಿನ ಗುಂಡಿನ ಮಳೆ ಇವೆರಡೂ ಆಗಿರಲಿಲ್ಲ. ದ್ವೀಪವನ್ನು ಚೌಕಗಳಾಗಿ ಹಂಚಿಕೊಂಡು ಇಡೀ ಚೌಕವನ್ನು ಬಡಿಯುವ ಕ್ರಮ ಅದು. ದೂಳು ಎದ್ದ ಮೇಲೆ ಗುರಿಯೂ ಕಾಣಲಿಲ್ಲ, ಏನು ಮುರಿಯಿತು, ಏನು ಉಳಿಯಿತು ಎಂಬುದೂ ಕಾಣಲಿಲ್ಲ.

ಮರಳು ನುಂಗಿದ ಸ್ಫೋಟ

ಈಗ ಅದೃಷ್ಟವಶಾತ್ ಒಂದು ಶೆಲ್ ಬಂಕರಿನ ಹತ್ತಿರವೇ ಸಿಡಿಯಿತು ಎನ್ನೋಣ. ನೆಲದ ಗುರಿಗೆ ಬಳಸುವ ದೊಡ್ಡ ಶೆಲ್ಲಿನ ತೂಕದಲ್ಲಿ ಸಿಡಿಮದ್ದಿನ ಪಾಲು ನೂರಕ್ಕೆ 8ರಷ್ಟು. ಉಕ್ಕು ಸೀಳುವ ಶೆಲ್ಲಿನಲ್ಲಿ ಅದು ನೂರಕ್ಕೆ ಒಂದೂವರೆ. ಮಿಕ್ಕಿದ್ದೆಲ್ಲ ಉಕ್ಕು. ಹಾಗಾಗಿ 3,000 ಟನ್ ಎಂಬ ಸಂಖ್ಯೆಯಲ್ಲಿ ನಿಜವಾಗಿ ಸಿಡಿದದ್ದು ಒಂದು ಸಣ್ಣ ಪಾಲು.

ಸ್ಫೋಟದ ಒತ್ತಡ ದೂರಕ್ಕೆ ಬಹುಬೇಗ ಸೋಲುತ್ತದೆ. ಒಂದು ನಿರ್ದಿಷ್ಟ ಒತ್ತಡ ಎರಡು ಪಟ್ಟು ದೂರಕ್ಕೆ ತಲುಪಬೇಕಾದರೆ ಎಂಟು ಪಟ್ಟು ಸಿಡಿಮದ್ದು ಬೇಕು. ಘನಮೂಲದ ಈ ನಿಯಮ ಬಂಕರಿನ ದೊಡ್ಡ ಗೆಳೆಯ. ಹತ್ತು ಮೀಟರ್ ತಪ್ಪಿದ ಶೆಲ್ ಬಯಲಲ್ಲಿ ನಿಂತವನನ್ನು ಕೊಲ್ಲುತ್ತದೆ, ಮರಳಿನಡಿ ಕುಳಿತವನ ಕಿವಿಯನ್ನಷ್ಟೇ ಗಿಂವ್ ಎನಿಸುತ್ತದೆ.

ಮರಳಿನ ಪಾತ್ರ ಇನ್ನೂ ಸೂಕ್ಷ್ಮ. ಕಾಂಕ್ರೀಟು ಇಡಿಯಾದ ವಸ್ತು. ಒಂದು ಕಡೆ ಬಿದ್ದ ಹೊಡೆತ ಅಲೆಯಾಗಿ ಅದರೊಳಗೆ ಓಡಿ ಇನ್ನೊಂದು ಮುಖದಲ್ಲಿ ಚೂರುಗಳನ್ನು ಕಿತ್ತೆಸೆಯಬಲ್ಲದು. ಮರಳು ಕೋಟಿ ಕೋಟಿ ಬಿಡಿ ಕಣಗಳ ರಾಶಿ. ಕಣಗಳ ನಡುವೆ ಗಾಳಿ ತುಂಬಿದ ಸಂದುಗಳು. ಹೊಡೆತ ಬಿದ್ದಾಗ ಕಣಗಳು ಜರುಗುತ್ತವೆ, ಉಜ್ಜುತ್ತವೆ, ಒಡೆಯುತ್ತವೆ. ಪ್ರತಿ ಉಜ್ಜಿನಲ್ಲೂ ಒಂದಿಷ್ಟು ಶಕ್ತಿ ಶಾಖವಾಗಿ ಕರಗುತ್ತದೆ. ಮೇಲ್ಮೈಯಲ್ಲಿ ಸಿಡಿದ ಶೆಲ್ ಒಂದು ಬಾನಿಯಾಕಾರದ ಗುಂಡಿ ತೋಡಿ, ಮರಳನ್ನು ಆಕಾಶಕ್ಕೆ ಚಿಮ್ಮಿ ದಣಿಯುತ್ತದೆ. ಸುತ್ತಲಿನ ಮರಳು ಜಾರಿ ಬಂದು ಗುಂಡಿಯನ್ನು ಅರ್ಧ ಮುಚ್ಚುತ್ತದೆ. ಗುಂಡು ಹಾರುವ ಕಡೆ ಜನ ಮರಳಿನ ಮೂಟೆಯನ್ನೇ ಒಟ್ಟುವುದಕ್ಕೆ ಇದೇ ಕಾರಣ.

ಮರಳಿನ ಕೆಳಗೆ ತೆಂಗಿನ ದಿಮ್ಮಿ. ತೆಂಗು ಏಕದಳ ಸಸ್ಯ. ತೇಗದಲ್ಲಿರುವಂತೆ ಅದರ ಕಾಂಡದಲ್ಲಿ ವರ್ಷದ ಉಂಗುರಗಳಿಲ್ಲ. ಗಟ್ಟಿ ನಾರಿನ ಎಳೆಕಟ್ಟುಗಳು ಮೆದುವಾದ ತಿರುಳಿನಲ್ಲಿ ಚದುರಿಕೊಂಡಿರುತ್ತವೆ, ಹೊರಮೈಯ ಕಡೆಗೆ ಒತ್ತಾಗಿ, ನಡುವೆ ವಿರಳವಾಗಿ. ಬಿರುಕೊಂದು ಹುಟ್ಟಿದರೆ ಅದಕ್ಕೆ ಉದ್ದಕ್ಕೂ ಓಡಲು ಉಂಗುರದ ದಾರಿಯಿಲ್ಲ, ಪ್ರತಿ ಎಳೆಕಟ್ಟಿನ ಬಳಿಯೂ ತಡೆ. ಕೊಡಲಿಯನ್ನು ಹಿಡಿದಿಟ್ಟುಕೊಳ್ಳುವ ಇದೇ ಗುಣ ಶೆಲ್ಲಿನ ಚೂರುಗಳನ್ನೂ ಹಿಡಿದಿಟ್ಟುಕೊಂಡಿತು. ದಿಮ್ಮಿಗಳು ಸೀಳಿ ಒಳಗಿನವರ ಮೈಗೆ ಚುಚ್ಚುವ ಬದಲು ಕುಸಿಯದೆ ಬಾಗಿ ನಿಂತವು. ದಿಮ್ಮಿ, ಮರಳು, ಮತ್ತೆ ದಿಮ್ಮಿ, ಮತ್ತೆ ಮರಳು ಎಂಬ ಪದರಗಳಲ್ಲಿ ಪ್ರತಿ ಗಡಿಯೂ ಹೊಡೆತದ ಅಲೆಯ ಒಂದು ಪಾಲನ್ನು ಹಿಂದಕ್ಕೆ ತಳ್ಳಿತು.

ಬಯಲಲ್ಲಿ ನಿಂತ ಗುರಿಗಳ ಕತೆ ಬೇರೆ. ಬೆಟಿಯೊದ ತುದಿಗಳಲ್ಲಿ 8 ಇಂಚಿನ ನಾಲ್ಕು ವಿಕರ್ಸ್ ಫಿರಂಗಿಗಳಿದ್ದವು. ಸಿಂಗಪುರದಲ್ಲಿ ಬ್ರಿಟಿಷರಿಂದ ಕಿತ್ತುಕೊಂಡವು ಎಂದು ಬಹುಕಾಲ ಜನ ನಂಬಿದ್ದರು. ಅವುಗಳ ಕ್ರಮಸಂಖ್ಯೆ ಹಿಡಿದು ಹುಡುಕಿದಾಗ, ರಷ್ಯಾ–ಜಪಾನ್ ಯುದ್ಧದ ಕಾಲಕ್ಕೆ, 1905ರಲ್ಲಿ, ಬ್ರಿಟನ್ನೇ ಜಪಾನಿಗೆ ಮಾರಿದ ಫಿರಂಗಿಗಳೆಂದು ತಿಳಿಯಿತು. ಆ ಬೆಳಿಗ್ಗೆ ಅವು ಮೊದಲು ಗುಂಡು ಹಾರಿಸಿದವು. ಮೆರಿಲ್ಯಾಂಡ್ ನೌಕೆಯ ಶೆಲ್ಲೊಂದು ಅವುಗಳ ಮದ್ದಿನ ಮನೆಗೆ ಬಿದ್ದು ದೊಡ್ಡ ಬೆಂಕಿಯುಂಡೆ ಎದ್ದಿತು. ದೊಡ್ಡ, ಎದ್ದು ಕಾಣುವ, ಮದ್ದು ಪಕ್ಕದಲ್ಲೇ ಇರುವ ಗುರಿಯ ಮೇಲೆ ನೌಕಾ ಫಿರಂಗಿ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತು.

ಅಷ್ಟಮಿಯ ಕಡಲು

ದ್ವೀಪದ ಸುತ್ತ ಹವಳದ ದಿಬ್ಬ ನೀರಿನಡಿ ನೂರಾರು ಮೀಟರ್ ಚಾಚಿಕೊಂಡಿದೆ. ಸೈನಿಕರನ್ನು ಹೊತ್ತ ಹಿಗಿನ್ಸ್ ದೋಣಿಗಳು ತೇಲಲು ಮೂರೂವರೆಯಿಂದ ನಾಲ್ಕು ಅಡಿ ನೀರು ಬೇಕು. ದಿಬ್ಬದ ಮೇಲೆ ಅಂದು ಇದ್ದದ್ದು ಮೂರು ಅಡಿ, ಕೆಲವೆಡೆ ಅದಕ್ಕೂ ಕಡಿಮೆ. ತರಾವಾದಲ್ಲಿ ಹದಿನೈದು ವರ್ಷ ಬಾಳಿದ್ದ ಮೇಜರ್ ಫ್ರಾಂಕ್ ಹಾಲೆಂಡ್ ಎಂಬ ನ್ಯೂಜಿಲೆಂಡಿನವರು ನೀರು ಸಾಲದು ಎಂದು ಮೊದಲೇ ಎಚ್ಚರಿಸಿದ್ದರು.

ಯೋಜಕರು ಅಜಾಗರೂಕರಾಗಿದ್ದರು ಎನ್ನಲಾಗದು. ವಿಮಾನದಿಂದ ತೆಗೆದ ಚಿತ್ರಗಳಲ್ಲಿ ನೀರಿನ ಮೇಲೆ ಕಟ್ಟಿದ ಕಕ್ಕಸುಗಳನ್ನು ಎಣಿಸಿ, ಅದರಿಂದ ದ್ವೀಪದಲ್ಲಿ ಎಷ್ಟು ಸೈನಿಕರಿದ್ದಾರೆ ಎಂಬುದನ್ನು ನಿಜಕ್ಕೆ ತೀರಾ ಹತ್ತಿರವಾಗಿ ಅಂದಾಜು ಮಾಡಿದ್ದರು. ಆದರೆ ಚಿತ್ರದಲ್ಲಿ ನೀರಿನ ಮೇಲ್ಮೈ ಕಾಣುತ್ತದೆ, ಆಳ ಕಾಣುವುದಿಲ್ಲ. ಆಳ ತಿಳಿಯಲು ಒಬ್ಬರು ಅಲ್ಲಿ ಇಳಿದು ಅಳೆಯಬೇಕು.

ಕಡಲು ಅಂದು ಏಕೆ ಏರಲಿಲ್ಲ ಎಂಬ ಪ್ರಶ್ನೆಗೆ ಪೂರ್ಣ ಉತ್ತರ ಸಿಕ್ಕಿದ್ದು 1987ರಲ್ಲಿ, ಭೌತಶಾಸ್ತ್ರಜ್ಞ ಡೊನಾಲ್ಡ್ ಓಲ್ಸನ್ ಚಂದ್ರನ ಚಲನೆಯನ್ನು ಹಿಂದಕ್ಕೆ ಲೆಕ್ಕ ಹಾಕಿದಾಗ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಸಾಲಿನಲ್ಲಿ ಕೂಡಿ ದೊಡ್ಡ ಉಬ್ಬರ ಬರುತ್ತದೆ. ಅಷ್ಟಮಿಯ ಹೊತ್ತಿಗೆ ಅವು ಲಂಬಕೋನದಲ್ಲಿದ್ದು ಒಂದರ ಕೆಲಸವನ್ನು ಇನ್ನೊಂದು ಕಡಿಮೆ ಮಾಡುತ್ತದೆ. 1943ರ ನವೆಂಬರ್ 20ರ ಆ ಬೆಳಿಗ್ಗೆ ಕಾರ್ತಿಕ ಬಹುಳ ಅಷ್ಟಮಿಯ ಆಸುಪಾಸು. ಅದರ ಮೇಲೆ ಚಂದ್ರ ತನ್ನ ಕಕ್ಷೆಯಲ್ಲಿ ಭೂಮಿಯಿಂದ ಅತಿ ದೂರದ ಬಿಂದುವಿನ ಬಳಿಯಿದ್ದ.

ಉಬ್ಬರ ಎಬ್ಬಿಸುವ ಬಲ ದೂರದ ಘನಕ್ಕೆ ವಿಲೋಮವಾಗಿ ಇಳಿಯುತ್ತದೆ. ಚಂದ್ರನ ಸರಾಸರಿ ಬಲವನ್ನು 100 ಎಂದಿಟ್ಟುಕೊಂಡರೆ ಸೂರ್ಯನದ್ದು ಸುಮಾರು 46. ಅಮಾವಾಸ್ಯೆಗೆ ಎರಡೂ ಸೇರಿ 146. ಸಾಮಾನ್ಯ ಅಷ್ಟಮಿಗೆ ಕಳೆದು ಉಳಿಯುವುದು 54. ಚಂದ್ರ ಅತಿ ದೂರದಲ್ಲಿದ್ದಾಗ ಅವನ ಬಲ 85ಕ್ಕೆ ಇಳಿಯುತ್ತದೆ, ಆಗ ಉಳಿಯುವುದು 39. ಇದು ಸರಳಗೊಳಿಸಿದ ಲೆಕ್ಕ, ಆದರೂ ಅಂದಿನ ಕಡಲಿನ ಸ್ಥಿತಿಯನ್ನು ತೋರಿಸಲು ಸಾಕು. ನೀರು ಏರಲೂ ಇಲ್ಲ, ಇಳಿಯಲೂ ಇಲ್ಲ ಎಂಬಂತೆ ಒಂದೇ ಮಟ್ಟದಲ್ಲಿ ಗಂಟೆಗಟ್ಟಲೆ ನಿಂತಿತ್ತು.

ದೋಣಿಗಳು ದಿಬ್ಬಕ್ಕೆ ತಾಗಿ ನಿಂತವು. ಸೈನಿಕರು ನೀರಿಗೆ ಇಳಿದು, ಬಂದೂಕನ್ನು ತಲೆಯ ಮೇಲೆ ಹಿಡಿದು, ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ನಡೆದರು. ಎದುರಿನ ತೆಂಗಿನ ಬಂಕರುಗಳ ಕಿಂಡಿಗಳಿಂದ ಮೆಷಿನ್ ಗನ್ನುಗಳು ಅವರನ್ನೇ ನೋಡುತ್ತಿದ್ದವು. ಒಂದು ಅಡಿ ನೀರಿನ ಕೊರತೆ ನೂರಾರು ಮನೆಗಳ ದೀಪ ಆರಿಸಿತು.

ದಡ ಮುಟ್ಟಿದ ಯಂತ್ರ, ನೀರು ಕುಡಿದ ಯಂತ್ರ

ಮೊದಲ ಮೂರು ಸಾಲಿನ ಸೈನಿಕರು ಬೇರೊಂದು ವಾಹನದಲ್ಲಿ ಬಂದರು. ಎಲ್‌ವಿಟಿ ಎಂಬ ಇದು ನೀರಿನಲ್ಲಿ ತೇಲುತ್ತದೆ, ನೆಲ ಸಿಕ್ಕಾಗ ಟ್ಯಾಂಕಿನಂತೆ ಸರಪಳಿಯ ಮೇಲೆ ತೆವಳುತ್ತದೆ. ಇದನ್ನು ಮೊದಲು ರೂಪಿಸಿದ ಡೊನಾಲ್ಡ್ ರೋಬ್ಲಿಂಗ್ ಮನಸ್ಸಿನಲ್ಲಿದ್ದದ್ದು ಫ್ಲೋರಿಡಾದ ಚಂಡಮಾರುತಗಳು. ದೋಣಿಯೂ ಹೋಗದ, ಲಾರಿಯೂ ಹೋಗದ ಜೌಗಿನಲ್ಲಿ ಸಿಕ್ಕಿಬಿದ್ದವರನ್ನು ಎತ್ತಿ ತರಲೆಂದು 1930ರ ದಶಕದಲ್ಲಿ ಅದನ್ನು ಕಟ್ಟಿದ್ದರು. ಅದಕ್ಕೆ ಅಲಿಗೇಟರ್ ಎಂದು ಹೆಸರಿಟ್ಟಿದ್ದರು. ಜೀವ ಉಳಿಸಲು ಹುಟ್ಟಿದ ಯಂತ್ರ ಯುದ್ಧಕ್ಕೆ ಬಂದಿತ್ತು.

ಬೆಟಿಯೊದಲ್ಲಿ 125 ಎಲ್‌ವಿಟಿಗಳಿದ್ದವು. ಹವಳದ ದಿಬ್ಬ ಅವುಗಳಿಗೆ ತಡೆಯೇ ಆಗಲಿಲ್ಲ. ಸರಪಳಿ ಹವಳಕ್ಕೆ ತಾಗಿದ ಕೂಡಲೇ ಹತ್ತಿ ಮುಂದೆ ಸಾಗಿದವು. ಆದರೆ ಅವುಗಳ ತಗಡು ಸಾಮಾನು ಹೊರಲು ಮಾಡಿದ್ದು, ಗುಂಡು ತಡೆಯಲು ಅಲ್ಲ. ಸೈನಿಕರನ್ನು ಇಳಿಸಿ ಇನ್ನಷ್ಟು ಜನರನ್ನು ತರಲು ಹಿಂದಿರುಗುವಾಗ ತೂತುಬಿದ್ದು ಒಂದೊಂದಾಗಿ ಮುಳುಗಿದವು, ಉರಿದವು. ಯುದ್ಧ ಮುಗಿದಾಗ ಸುಮಾರು 90 ವಾಹನಗಳು ಕೆಲಸಕ್ಕೆ ಬಾರದಾಗಿದ್ದವು. ಆದರೂ ಅವು ಇಲ್ಲದಿದ್ದರೆ ಮೊದಲ ದಿನ ದಡ ಸೇರುತ್ತಿದ್ದವರು ತೀರಾ ಕಡಿಮೆ.

ರೇಡಿಯೊಗಳ ಕತೆ ಇನ್ನೂ ನೋವಿನದು. ಹೊತ್ತು ತರುವ ಟಿಬಿಎಕ್ಸ್, ಟಿಬಿವೈ ರೇಡಿಯೊಗಳಿಗೆ ನೀರು ತಡೆಯುವ ಹೊದಿಕೆ ಸರಿಯಾಗಿರಲಿಲ್ಲ. ಉಪ್ಪುನೀರು ವಿದ್ಯುತ್ತಿನ ಒಳ್ಳೆಯ ವಾಹಕ. ಒಳನುಗ್ಗಿದ ಒಂದು ಲೋಟ ನೀರು ಹರಿಯಬಾರದ ಕಡೆ ವಿದ್ಯುತ್ತನ್ನು ಹರಿಸುತ್ತದೆ. ದಡದಲ್ಲಿದ್ದ ಕರ್ನಲ್ ಡೇವಿಡ್ ಶೂಪ್‌ಗೆ ತನ್ನ ತುಕಡಿಗಳ ಜೊತೆಗೂ ನೌಕೆಯ ಜೊತೆಗೂ ಮಾತು ಬಹುಪಾಲು ಕಡಿದುಹೋಯಿತು.

ನೌಕೆಯಲ್ಲೂ ಇದೇ ಪಾಡು. ಮೆರಿಲ್ಯಾಂಡ್ ಇಡೀ ದಾಳಿಯ ಕೇಂದ್ರ ನೌಕೆಯಾಗಿತ್ತು. ಅದರ 16 ಇಂಚಿನ ಫಿರಂಗಿಗಳು ಸಿಡಿದ ಅದುರಿಗೆ ಅದೇ ನೌಕೆಯ ರೇಡಿಯೊಗಳು ಕೆಟ್ಟವು. ವಿಮಾನದಾಳಿಗೆಂದು ಫಿರಂಗಿಗಳು ನಿಂತವು, ವಿಮಾನಗಳು ತಡವಾದವು, ಏಕೆ ಎಂದು ಕೇಳಲು ಸಂಪರ್ಕವಿರಲಿಲ್ಲ. ಸುಮಾರು ಅರ್ಧ ಗಂಟೆ ದ್ವೀಪ ಉಸಿರಾಡಿತು. ಆ ಅರ್ಧ ಗಂಟೆಯಲ್ಲಿ ದಡದ ಫಿರಂಗಿಗಳು ಸೈನಿಕರ ಹಡಗುಗಳ ಮೇಲೆ ಗುಂಡು ಹಾರಿಸಿದವು. ಮುಂದೆ ಬೆಳಿಗ್ಗೆ 8.55ರ ಸುಮಾರಿಗೆ ಗುಂಡಿನ ಮಳೆ ನಿಂತರೂ ಮೊದಲ ಎಲ್‌ವಿಟಿ ದಡ ಮುಟ್ಟಿದ್ದು 9.10ಕ್ಕೆ. ಬಂಕರಿನೊಳಗೆ ದಂಗಾಗಿ ಕುಳಿತವರು ಎದ್ದು ದೂಳು ಕೊಡವಿ ಬಂದೂಕಿನ ಹಿಂದೆ ಕೂರಲು ಹದಿನೈದು ನಿಮಿಷ ಧಾರಾಳ.

ಕಡಿದ ತಂತಿ

ಹಾಗಾದರೆ 3,000 ಟನ್ ಪೂರ್ತಿ ವ್ಯರ್ಥವಾಯಿತೆ? ಇಲ್ಲ. ಅದರ ದೊಡ್ಡ ಫಲ ಯಾರೂ ಗುರಿಯಿಡದ ಒಂದು ವಸ್ತುವಿನ ಮೇಲೆ ಆಯಿತು. ಜಪಾನಿ ಬಂಕರುಗಳ ನಡುವಿನ ಟೆಲಿಫೋನ್ ತಂತಿಗಳು ಬಹುಪಾಲು ನೆಲದ ಮೇಲೆಯೇ ಹಾದುಹೋಗಿದ್ದವು. ಬಂಕರನ್ನು ಅಲುಗಿಸಲಾಗದ ಶೆಲ್ ಚೂರುಗಳು ಅವನ್ನು ಕತ್ತರಿಸಿ ಹಾಕಿದವು. ಅಂದೇ ಮಧ್ಯಾಹ್ನ, ಒಂದು ಬಂಕರಿನಿಂದ ಇನ್ನೊಂದಕ್ಕೆ ಹೋಗಲು ಬಯಲಿಗೆ ಬಂದ ಶಿಬಾಸಾಕಿ ಮತ್ತು ಅವರ ಅಧಿಕಾರಿಗಳು ಡೆಸ್ಟ್ರಾಯರ್‌ಗಳ ಶೆಲ್ಲಿಗೆ ಬಲಿಯಾದರು. ರಾತ್ರಿ ದಡದ ಕಿರಿದಾದ ಪಟ್ಟಿಯಲ್ಲಿ ಮರೀನ್ ಸೈನಿಕರು ಒತ್ತೊತ್ತಾಗಿ ಬಿದ್ದುಕೊಂಡಿದ್ದಾಗ ಒಂದು ಸಂಘಟಿತ ಪ್ರತಿದಾಳಿ ಅವರನ್ನು ಕಡಲಿಗೆ ತಳ್ಳಬಹುದಿತ್ತು. ಅದು ಬರಲಿಲ್ಲ. ಗಟ್ಟಿ ಬಂಕರುಗಳಲ್ಲಿ ಜನರಿದ್ದರು, ಮದ್ದಿತ್ತು. ಅವರನ್ನು ಒಂದುಗೂಡಿಸುವ ದನಿಯೊಂದೇ ಇರಲಿಲ್ಲ.

ಬಂಕರುಗಳು ಕೊನೆಗೆ ಬಿದ್ದದ್ದು ನೆಲದ ಮೇಲೆ ನಡೆದುಹೋದವರ ಕೈಯಲ್ಲಿ, ಸಿಡಿಮದ್ದಿನ ಪೊಟ್ಟಣ ಮತ್ತು ಬೆಂಕಿ ಉಗುಳುವ ಕೊಳವೆಗಳಿಂದ, ಒಂದೊಂದಾಗಿ. ನವೆಂಬರ್ 22ರಂದು ಅಂಥದೊಂದು ದೊಡ್ಡ ಬಂಕರಿನ ನೆತ್ತಿಗೆ ಹತ್ತಿದ ಲೆಫ್ಟಿನೆಂಟ್ ಅಲೆಕ್ಸಾಂಡರ್ ಬಾನಿಮನ್ ಅಲ್ಲೇ ಸತ್ತರು. ಅವರ ಅವಶೇಷ ಬೆಟಿಯೊದ ಮಣ್ಣಿನಲ್ಲಿ ಸಿಕ್ಕಿದ್ದು 2015ರಲ್ಲಿ. ಅಮೆರಿಕದ ಕಡೆ ಸುಮಾರು 1,000 ಮಂದಿ ಸತ್ತರು. ದ್ವೀಪ ಕಾಯುತ್ತಿದ್ದ 4,800 ಮಂದಿಯಲ್ಲಿ ಬದುಕಿ ಸೆರೆಯಾದವರು 146 ಜನ. ಅವರಲ್ಲಿ 129 ಮಂದಿ ಆ ಯುದ್ಧವನ್ನು ಬಯಸಿ ಬಂದವರಲ್ಲದ ಕೊರಿಯನ್ ಕಾರ್ಮಿಕರು.

ಇನ್ನೊಂದು ದ್ವೀಪ

ಯುದ್ಧ ಮುಗಿದ ಕೆಲವೇ ದಿನಗಳಲ್ಲಿ ಅಮೆರಿಕದ ಅಡ್ಮಿರಲ್ ನಿಮಿಟ್ಸ್ ಬೆಟಿಯೊಗೆ ಬಂದು ನಿಂತಿದ್ದ ಬಂಕರುಗಳನ್ನು ಕಣ್ಣಾರೆ ನೋಡಿದರು. ಎಂಜಿನಿಯರುಗಳು ಅವುಗಳ ಗೋಡೆ, ಸೂರುಗಳನ್ನು ಅಳೆದರು. ಹವಾಯಿಯ ಕಹೋಲವೆ ಎಂಬ ದ್ವೀಪದಲ್ಲಿ ಅಂಥವೇ ಬಂಕರುಗಳನ್ನು ಕಟ್ಟಿ ನೌಕೆಗಳಿಂದ ಹೊಡೆಸಿದರು. ಯಾವ ಶೆಲ್, ಯಾವ ಫ್ಯೂಸ್, ಯಾವ ಕೋನ ಎಂಬುದು ಆಗ ಅನುಭವಕ್ಕೆ ಬಂತು. ಮೇಲ್ಮೈಯಲ್ಲಿ ಸಿಡಿಯುವ ಶೆಲ್ ಸಾಲದು, ಒಳಹೊಕ್ಕು ತಡವಾಗಿ ಸಿಡಿಯುವುದು ಬೇಕು. ಬೇಗ ಬೇಗ ಹಾರಿಸುವುದಕ್ಕಿಂತ ನಿಧಾನವಾಗಿ, ಹೊಡೆದದ್ದನ್ನು ನೋಡಿ ಮತ್ತೆ ಹೊಡೆಯುವುದು ಮೇಲು.

ಎರಡು ತಿಂಗಳ ಬಳಿಕ, 1944ರ ಜನವರಿ ಕೊನೆಯಲ್ಲಿ ಮಾರ್ಷಲ್ ದ್ವೀಪಗಳ ಕ್ವಾಜಲೀನ್‌ಗೆ ಹೋದಾಗ ಈ ಪಾಠಗಳು ಜೊತೆಗಿದ್ದವು. ನೌಕೆಗಳು ದಡಕ್ಕೆ ತೀರಾ ಹತ್ತಿರ ಬಂದವು. ಸಂಪರ್ಕಕ್ಕೆಂದೇ ಕಟ್ಟಿದ ಕೇಂದ್ರ ನೌಕೆಗಳು ಬಂದವು, ದೊಡ್ಡ ಫಿರಂಗಿಯ ಅದುರು ಅವುಗಳ ರೇಡಿಯೊಗೆ ತಟ್ಟುವಂತಿರಲಿಲ್ಲ. ಈಜುಗಾರರ ತಂಡಗಳು ಮುಂದಾಗಿ ಹೋಗಿ ದಿಬ್ಬವನ್ನು ಪರೀಕ್ಷಿಸಿದವು. ಅಲ್ಲಿ ಎದುರಾಳಿಗಳು ಬೆಟಿಯೊದಲ್ಲಿದ್ದವರಿಗಿಂತ ಹೆಚ್ಚಿದ್ದರು. ಸತ್ತ ಅಮೆರಿಕನ್ನರ ಸಂಖ್ಯೆ ನಾನೂರಕ್ಕಿಂತ ಕಡಿಮೆ.

ಕಹೋಲವೆಯಲ್ಲಿ ಒಂದು ಬಂಕರು ಕಟ್ಟಿ ಒಡೆದು ನೋಡುವ ಕೆಲಸ ನವೆಂಬರಿಗೆ ಮೊದಲೇ ಆಗಿದ್ದರೆ? ತೆಂಗಿನ ಮರ ಹವಾಯಿಯಲ್ಲೂ ಇತ್ತು, ಮರಳೂ ಇತ್ತು. ಇರದೇ ಹೋದದ್ದು ಒಂದು ಪ್ರಶ್ನೆ: ನಾವು ಕಳಿಸುವುದರಲ್ಲಿ ಎಷ್ಟು ತಲುಪುತ್ತದೆ? ನೌಕೆಯಿಂದ ಹೊರಟ ತೂಕವನ್ನು ಎಣಿಸುವುದು ಸುಲಭ, ಬಂಕರಿನೊಳಗೆ ತಲುಪಿದ್ದನ್ನು ಅಳೆಯುವುದು ಕಷ್ಟ. ಸುಲಭದ ಅಳತೆ ಕಷ್ಟದ ಅಳತೆಯ ಜಾಗದಲ್ಲಿ ಕುಳಿತಾಗ ಅದರ ಬೆಲೆ ತೆರುವವರು ಅಳೆದವರಲ್ಲ, ನೀರಿನಲ್ಲಿ ನಡೆದವರು.

ಆ ಪ್ರಶ್ನೆಗೆ ಉತ್ತರ ಕೊಟ್ಟ ದ್ವೀಪವೂ ಬೆಲೆ ತೆತ್ತಿತು. ಹವಾಯಿಯ ಮೂಲನಿವಾಸಿಗಳಿಗೆ ಪವಿತ್ರವಾದ ಕಹೋಲವೆಯ ಮೇಲೆ ಅಭ್ಯಾಸದ ಬಾಂಬುಗಳು ಬೀಳುವುದು ನಿಂತಿದ್ದು 1990ರಲ್ಲಿ. ಹತ್ತು ವರ್ಷ ಶುಚಿಗೊಳಿಸಿದ ಮೇಲೂ ಅದರ ಮಣ್ಣಿನಲ್ಲಿ ಸಿಡಿಯದ ಮದ್ದು ಉಳಿದಿದೆ. ಬೆಟಿಯೊದ ಬೀದಿಗಳಲ್ಲಿ ಇಂದು ಸಾವಿರಾರು ಜನ ಒತ್ತಾಗಿ ವಾಸಿಸುತ್ತಾರೆ. 1905ರ ಆ ಫಿರಂಗಿಗಳು ತುಕ್ಕು ಹಿಡಿದು ಕಡಲಿನ ಕಡೆ ಮುಖಮಾಡಿ ನಿಂತಿವೆ. ಪ್ರತಿ ಅಷ್ಟಮಿಗೂ ಹವಳದ ದಿಬ್ಬದ ಮೇಲೆ ನೀರು ಏರಬೇಕಾದಷ್ಟು ಏರದೆ ನಿಲ್ಲುತ್ತದೆ.